ಎರಡನೆಯ ತಟ್ಟೆ ಇಡ್ಲಿ

ಸಕ್ಕರೆ ಕಾಯಿಲೆಗೆಂದು ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದ್ದರು. ಅದಾದ ಮೇಲೆ ಒಂದು ಬೆಳಿಗ್ಗೆ, ಕೆಲಸಕ್ಕೆಂದು ಚನ್ನಪಟ್ಟಣಕ್ಕೆ ಹೊರಟವನು ಎಂದಿನಂತೆ ಬಿಡದಿಯಲ್ಲಿ ಗಾಡಿ ನಿಲ್ಲಿಸಿದೆ. ಆ ಹೋಟೆಲಿನಲ್ಲಿ ಕೂತರೆ ಮೂರು ತಟ್ಟೆ ಇಡ್ಲಿ ಮುಗಿಸದೆ ಎದ್ದವನಲ್ಲ ನಾನು. ಅವತ್ತು ಒಂದಕ್ಕೇ ಸಾಕೆನಿಸಿತು. ಎರಡನೆಯದರ ಮೇಲೆ ಬೆಣ್ಣೆ ಕರಗುತ್ತಿದ್ದರೂ ಮನಸ್ಸು ಅತ್ತ ಹೊರಳಲೇ ಇಲ್ಲ!

ಹೋಟೆಲಿನ ಅಕ್ಕ ಗಾಬರಿಯಿಂದ ಬಂದರು. "ಯಾಕಣ್ಣ, ಇಡ್ಲಿ ಹುಳಿ ಬಂದೈತಾ?"

"ಇಲ್ಲ ಅಕ್ಕ, ಇಡ್ಲಿ ಚೆನ್ನಾಗೇ ಇದೆ. ನನ್ನ ತಲೆಯೇ ಬದಲಾಗಿದೆ!" ಎಂದು ಸಂಭ್ರಮದಿಂದ ಶುರು ಮಾಡಿದೆ. ಹೊಟ್ಟೆ ತುಂಬಿದ ಸುದ್ದಿ ಕರುಳಿನಿಂದ ಮೆದುಳಿಗೆ ಹೋಗುತ್ತದಂತೆ, ಆಗ ಇನ್ನೂ ಬೇಕೆಂದು ಆಸೆ ಹುಟ್ಟಿಸುವ ಜಾಗ ತಣ್ಣಗಾಗುತ್ತದಂತೆ, ನನಗೆ ಚುಚ್ಚುವ ಇಂಜೆಕ್ಷನ್ ಆ ಸುದ್ದಿಯನ್ನೇ ಜೋರಾಗಿ ಸಾರುತ್ತದಂತೆ. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ, "ಯಾವ ಇಂಜೆಕ್ಷನ್ ಸಾರ್?" ಎಂದರು.

ಅಕ್ಕ ಬಗ್ಗಿ ಪಿಸುಗುಟ್ಟಿದರು. "ಒಸಿ ಮೆತ್ತಗೆ ಮಾತಾಡಣ್ಣ. ಎಲ್ರೂ ಚುಚ್ಚುಸ್ಕೊಂಡ್ರೆ ನಾವು ಬಾಗ್ಲು ಹಾಕ್ಕೊಂಡು ಹೋಗ್ಬೇಕಾಯ್ತದೆ!"

ನಾಚಿಕೆಯಾಗಿ ಆಫೀಸಿನವರಿಗೆಲ್ಲ ಇಡ್ಲಿ ಪಾರ್ಸೆಲ್ ಕಟ್ಟಿಸಿಕೊಂಡೆ. ಅವರಿಗೆ ಇನ್ನೂ ಯಾವ ಡಾಕ್ಟರೂ ಚುಚ್ಚಿಲ್ಲ. ಪೊಟ್ಟಣ ಬಿಚ್ಚಿದ್ದೇ ತಡ, ಚಟ್ನಿಯೂ ಉಳಿಯಲಿಲ್ಲ.