‘ಆದರೆ’ ಹೇಳುವ ಸರದಿ

ಐದನೇ ಕ್ಲಾಸಿನ ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ‘ಆದರೆ ಟೀಚರ್’. ಕತೆ ಕಟ್ಟುವುದನ್ನು ಆಕೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿರಲಿಲ್ಲ. ನಾಲ್ಕು ನಾಲ್ಕು ಮಕ್ಕಳನ್ನು ದುಂಡಗೆ ಕೂರಿಸುತ್ತಿದ್ದಳು. ಮೊದಲನೆಯವರು ‘ಒಬ್ಬ ಇದ್ದ’ ಅನ್ನಬೇಕು, ಪಕ್ಕದವರು ಅವನಿಗೇನು ಬೇಕಿತ್ತು ಅಂತ ಹೇಳಬೇಕು, ಮೂರನೆಯವರು ‘ಆದರೆ’ ಅಂತ ಅಡ್ಡಗಾಲು ಹಾಕಬೇಕು, ಕೊನೆಯವರು ಕತೆಯನ್ನು ದಡ ಸೇರಿಸಬೇಕು. ಇನ್ನೊಬ್ಬರ ಸರದಿಗೆ ಬಾಯಿ ಹಾಕಿದವರಿಗೆ ಬೈಗುಳ ಗ್ಯಾರಂಟಿ.

ಆಕೆಯ ಗಂಡ ಬಸ್ ಡ್ರೈವರು, ಮಾತಿನ ಮಲ್ಲ. ಒಂದು ದಿನ ಬಸ್ಸು ಓಡಿಸುವಾಗಲೇ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ದಾರಿಗೆ ಬಂದವು, ಮಾತಿನ ಎಳೆ ಮಾತ್ರ ಸಿಗಲಿಲ್ಲ. “ಆ ಮುದುಕ... ಛತ್ರಿ...” ಅಂತ ಬಸ್ಸಿನ ಹಳೇ ಕತೆಯೊಂದನ್ನು ಶುರು ಮಾಡಿ ತಡವರಿಸುತ್ತಿದ್ದ. ನೋಡಲಾರದೆ ಹೆಂಡತಿ ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ಬರಬರುತ್ತಾ ಆತ ಶುರು ಮಾಡುವುದನ್ನೇ ಬಿಟ್ಟ.

ಒಂದು ದಿನ ಕ್ಲಾಸಿನಲ್ಲಿ ಒಬ್ಬ ಹುಡುಗಿಗೆ, “ಅವನ ಮಾತು ನೀನ್ಯಾಕೆ ಕಿತ್ಕೋತೀಯೆ?” ಅಂತ ಗದರಿದಳು. ಗದರಿದ ಮೇಲೆ, ಮನೆಯಲ್ಲಿ ತಾನು ಮಾಡುತ್ತಿದ್ದುದೂ ಅದನ್ನೇ ಅಂತ ಹೊಳೆಯಿತು.

ಆ ಭಾನುವಾರ ಮಧ್ಯಾಹ್ನ ಅತ್ತೆ, ಮಗಳು, ಗಂಡ ಮೂವರನ್ನೂ ಚಾಪೆಯ ಮೇಲೆ ದುಂಡಗೆ ಕೂರಿಸಿ, ತಾನು ನಾಲ್ಕನೆಯವಳಾಗಿ ಕೂತಳು.

ಅತ್ತೆ ಶುರು ಮಾಡಿದರು. “ಒಬ್ಬ ಡ್ರೈವರ್ ಇದ್ದ. ನೋಡೋಕೆ ಲಕ್ಷಣವಾಗಿದ್ದ, ತಾಯಿ ಮಾತು ಮೀರ್ತಿರಲಿಲ್ಲ, ಆಮೇಲೆ ಸೊಸೆ ಬಂದ್ಳು ನೋಡು...”

“ಅತ್ತೆ, ನಿಮ್ಮ ಸರದಿ ಮುಗೀತು!”

ಮಗಳು ಕಿಸಕ್ಕೆಂದಳು. “ಅವನಿಗೆ ಅವತ್ತು ಬೇಗ ಮನೆಗೆ ಬರಬೇಕಿತ್ತು. ಮಗಳನ್ನ ಸಿನಿಮಾಗೆ ಕರ್ಕೊಂಡು ಹೋಗ್ತೀನಿ ಅಂದಿದ್ದ.”

ಈಗ ಆತನ ಸರದಿ. ಆತ ಚಾಪೆಯ ಅಂಚು ನೋಡುತ್ತಾ ಕೂತ. ಅತ್ತೆಯ ಬಾಯಿ ತೆರೆಯಿತು. ಸೊಸೆ ಅವರ ಕೈ ಅದುಮಿದಳು. ತನ್ನ ನಾಲಿಗೆಯನ್ನೂ ಕಚ್ಚಿ ಹಿಡಿದಳು. ಬೀದಿಯಲ್ಲಿ ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮಿ ಕೆಮ್ಮಿ ಕೊನೆಗೆ ಹೊರಟುಹೋಯಿತು.

“ಆ... ಆದರೆ,” ಅಂದ ಆತ. “ಕೈ... ಮಾತು ಕೇಳ್ಲಿಲ್ಲ.”

ಆತ ತನ್ನ ಕೈಯನ್ನೇ ನೋಡಿಕೊಂಡ.

“ಹಿಂದೆ... ಜನ. ಒಂದು... ಕೂಸು ಅಳ್ತಿತ್ತು. ಬ್ರೇಕು... ಎರಡೂ ಕಾಲಲ್ಲಿ... ಒತ್ತಿದೆ.”

ಬಸ್ಸು ಅದೃಷ್ಟಕ್ಕೆ ರಸ್ತೆ ಪಕ್ಕ ನಿಂತಿತಂತೆ ಅಂತ ಊರೆಲ್ಲ ಮಾತಾಡಿತ್ತು, ಮನೆಯವರೂ ಅದನ್ನೇ ನಂಬಿದ್ದರು. ನಿಲ್ಲಿಸಿದವನನ್ನು ಯಾರೂ ಕೇಳಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಮ್ಮಾ, ನಿನ್ನ ಸರದಿ,” ಅಂದಳು ಮಗಳು.

ನೂರಾರು ಕತೆ ದಡ ಸೇರಿಸಿದವಳು ಈ ಕತೆಯ ದಡಕ್ಕೆ ತಡಕಾಡಿದಳು. “ಎಲ್ಲರೂ ಅವರವರ ಮನೆ ಸೇರಿದರು,” ಅಂದಳು ಕೊನೆಗೆ. “ಡ್ರೈವರೂ ಬಂದ. ಸ್ವಲ್ಪ ತಡ ಆಯ್ತು, ಅಷ್ಟೆ.”

ಆತ ಅವಳನ್ನೇ ನೋಡಿ ಸೊಟ್ಟಗೆ ನಕ್ಕ. ಮುಖದ ಒಂದು ಪಕ್ಕ ಮಾತ್ರ ನಕ್ಕಿತು, ಅಷ್ಟೇ ಸಾಕಿತ್ತು.

ಆಮೇಲೆ ಆ ಚಾಪೆ ದಿನಾ ಬಿಚ್ಚಿಕೊಂಡಿತು. ಆತ ಮೊದಲು ಒಂದು ಸರದಿ, ನಂತರ ಎರಡು, ಬೇಸಿಗೆ ಕಳೆಯುವಷ್ಟರಲ್ಲಿ ಇಡೀ ಕತೆಯನ್ನೇ ಒಬ್ಬನೇ ಎಳೆದು ತರತೊಡಗಿದ. ಸ್ಟೀರಿಂಗು ಮತ್ತೆ ಕೈಗೆ ಸಿಗಲಿಲ್ಲ. ಡಿಪೋದಲ್ಲಿ ಬಿಡಿಭಾಗ ಎತ್ತಿಕೊಡುವ ಕೆಲಸ ಸಿಕ್ಕಿತು. ಮೊದಲ ದಿನ ಮುಗಿಸಿ ಬಂದವನು ಅಲ್ಲಿನ ಮೆಕ್ಯಾನಿಕ್ಕು ತನ್ನ ತಲೆ ಮೇಲೇ ಇದ್ದ ಕನ್ನಡಕಕ್ಕಾಗಿ ಇಡೀ ಶೆಡ್ಡು ಹುಡುಕಿಸಿದ ಕತೆ ಹೇಳತೊಡಗಿದ. ಹೇಳಿದ, ಹೇಳಿದ, ಹೇಳುತ್ತಲೇ ಇದ್ದ.

“ಸಾಕು ಮಗಾ, ಅನ್ನ ಆರುತ್ತೆ!” ಅಂದರು ಅವನ ತಾಯಿ.

“ಆರಲಿ ಬಿಡಿ ಅತ್ತೆ,” ಅಂದಳು ಸೊಸೆ. “ನೀವು ಹೇಳಿ ರೀ.”