ಆಷಾಢಕ್ಕೆ ತವರಿಗೆ ಹೋದ ಬೈಕು

ನಾನು ಚಿಕ್ಕವಳಿದ್ದಾಗ ಬೈಕುಗಳಿಗೂ ಹಟವಿತ್ತು, ಮಕ್ಕಳೇ. ಗುಂಡಿ ಒತ್ತಿದ ಕೂಡಲೇ ಹೊರಡುವ ಜಾಯಮಾನ ಅವುಗಳದ್ದಲ್ಲ. ಒದೆಯಬೇಕು, ಕಾಯಬೇಕು, ಮತ್ತೆ ಒದೆಯಬೇಕು. ಆಮೇಲೂ ಮನಸ್ಸು ಬಂದರೆ ಹೊರಟವು, ಇಲ್ಲದಿದ್ದರೆ ಇಲ್ಲ. ನಾವು ಮೆಲ್ಬರ್ನಿನಲ್ಲಿದ್ದಾಗ ಅಂಥದ್ದೊಂದು ಬೈಕು ಅಪ್ಪನ ಹತ್ತಿರ ಇತ್ತು. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪನ ಮೇಲೆ ಇನ್ನೂ ಸ್ವಲ್ಪ ಜಾಸ್ತಿಯೇ ಇದೆ.

ಕೆಂಪು ಟ್ಯಾಂಕು, ಕಪ್ಪು ಸೀಟು, ಬಲಗಡೆ ಒದೆಯುವ ಕಿಕ್ಕರ್. ಅಪ್ಪ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಇಂಥದ್ದೇ ಗಾಡಿ ಓಡಿಸುತ್ತಿದ್ದನಂತೆ. ಯಾರದೋ ಷೆಡ್ಡಿನ ಮೂಲೆಯಲ್ಲಿ ಇದನ್ನು ಕಂಡವನೇ ಕಳೆದುಹೋದ ತಮ್ಮ ಸಿಕ್ಕ ಹಾಗೆ ಹಿಗ್ಗಿ ಮನೆಗೆ ತಂದುಬಿಟ್ಟ. ಅದು ಶುರುವಾದರೆ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಆ ಸದ್ದನ್ನು ಎದೆಯೊಳಗೇ ಕೇಳಿಸಿಕೊಳ್ಳುತ್ತಿದ್ದೆ.

ನನಗೆ ಅದರ ಹಿಂದಿನ ಸೀಟಿನಲ್ಲಿ ಕೂರಬೇಕಿತ್ತು, ಅಷ್ಟೇ. ಆದರೆ ಎರಡೂ ಪಾದ ಫುಟ್‌ರೆಸ್ಟಿಗೆ ಗಟ್ಟಿಯಾಗಿ ಊರದೆ ಯಾರೂ ಹತ್ತುವ ಹಾಗಿಲ್ಲ ಎಂಬುದು ಅಮ್ಮನ ಕಾನೂನು. ನನ್ನ ಕಾಲು ಇಷ್ಟೇ ಇಷ್ಟು ಸಾಲುತ್ತಿರಲಿಲ್ಲ. ಅಕ್ಕನದು ಸಾಲುತ್ತಿತ್ತು. ಅವಳು ಅಪ್ಪನ ಜೊತೆ ಕಡಲ ತೀರದವರೆಗೂ ಹೋಗಿಬಂದು, ಹೆಲ್ಮೆಟ್ ತೆಗೆದು, "ಇಟ್ಸ್ ಓಕೆ" ಅಂದಳು. ಇಟ್ಸ್ ಓಕೆಯಂತೆ! ನನಗೆ ಹೊಟ್ಟೆ ಉರಿದುಹೋಯಿತು.

"ನಿನ್ ಕಾಲು ಸ್ವಲ್ಪ ಬೆಳೀಲಿ ಪುಟ್ಟಿ, ಸ್ಪ್ರಿಂಗ್ ಬಂದ ತಕ್ಷಣ ಫಸ್ಟ್ ರೈಡ್ ನಿಂದೇ" ಎಂದು ಅಪ್ಪ ಮಾತು ಕೊಟ್ಟ.

ಅಷ್ಟರಲ್ಲಿ ಊರಿನಲ್ಲಿ ಆಷಾಢ ಬಂತು, ಇಲ್ಲಿ ಚಳಿಗಾಲ. ಮೈಸೂರಿನಿಂದ ಅಜ್ಜಿ ಫೋನ್ ಮಾಡಿದರು. "ಆಷಾಢದಲ್ಲಿ ಹೊಸ ಗಾಡಿ ಹತ್ತಬೇಡ ಕಣೋ, ಎತ್ತಿಡು."

"ಅಮ್ಮಾ, ಅದು ಹೊಸದಲ್ಲ. ನನ್ನಷ್ಟೇ ವಯಸ್ಸಾಗಿದೆ ಅದಕ್ಕೆ."

"ನಿನಗೆ ಹೊಸದು ತಾನೇ? ಹೇಳಿದಷ್ಟು ಮಾಡು."

ಅಜ್ಜಿ ಹೇಳಿದ್ದಕ್ಕೂ ಮೆಲ್ಬರ್ನಿನ ಮಳೆ ಚಳಿಗೂ ಸರಿಹೋಯಿತು. ನಾವಿದ್ದ ಯುನಿಟ್ಟು, ಅಂದರೆ ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ಮನೆ, ಅದಕ್ಕೆ ಗರಾಜು ಇರಲಿಲ್ಲ. ಮೆಲ್ಬರ್ನಿನ ಆಚೆ ತುದಿಯ ಡ್ಯಾಂಡಿನಾಂಗಿನಲ್ಲಿ ಅಪ್ಪನ ಆಫೀಸಿನ ಗೆಳೆಯರೊಬ್ಬರ ಮನೆಯಲ್ಲಿತ್ತು. ಅವರು ಹುಬ್ಬಳ್ಳಿಯವರು, ನಾವು ಹುಬ್ಬಳ್ಳಿ ಅಂಕಲ್ ಅನ್ನುತ್ತಿದ್ದೆವು. ಹಿಂದೆ ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣನ್ನು ಆಷಾಢ ಕಳೆಯುವವರೆಗೆ ತವರಿಗೆ ಕಳಿಸುತ್ತಿದ್ದರು. ಹಾಗೆಯೇ ನಮ್ಮ ಬೈಕು ಡ್ಯಾಂಡಿನಾಂಗಿಗೆ ಹೋಯಿತು. "ಇನ್ನು ಇವರು ಅದಕ್ಕೆ ದಿನಾ ಫೋನ್ ಮಾಡಿ ಮಾತಾಡ್ತಾರೆ ನೋಡಿ" ಎಂದು ಅಮ್ಮ ನಕ್ಕಳು.

ಬೈಕನ್ನು ಒಳಗಿಡುವ ದಿನ ಅಂಕಲ್ ಒಂದು ಮಾತು ಹೇಳಿದರು. ಅವರು ಎಲ್ಲೋ ಓದಿಕೊಂಡಿದ್ದರು. "ಟ್ಯಾಂಕ್ ತುಂಬಿಸಿ ಇಡ್ರಿ. ಕಾರ್ಬೊರೇಟರ್ ಖಾಲಿ ಮಾಡ್ರಿ."

ಕಾರ್ಬೊರೇಟರ್ ಅಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ತುತ್ತು ಕೊಡುವ ಒಂದು ಪುಟ್ಟ ಡಬ್ಬಿ ಅದು. ತಳದಲ್ಲಿ ಒಂದು ಬಟ್ಟಲು, ಆ ಬಟ್ಟಲಿನಿಂದ ಪೆಟ್ರೋಲು ಮೇಲೇಳಲು ಕೂದಲೆಳೆಯಷ್ಟು ಸಣ್ಣ ರಂಧ್ರದ ಒಂದು ಹಿತ್ತಾಳೆ ತುಂಡು. ಅದರ ಹೆಸರು ಜೆಟ್.

ಅಪ್ಪ ಕೇಳಬೇಕಲ್ಲ! ಬೆಂಗಳೂರಿನ ಹಾಸ್ಟೆಲ್ ದಿನಗಳಲ್ಲಿ ಬೈಕು ನಿಲ್ಲಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಕಳ್ಳರು ಪೈಪು ಹಾಕಿ ಪೆಟ್ರೋಲು ಎಳೆದುಕೊಂಡು ಹೋಗುತ್ತಿದ್ದರಂತೆ. ಅದಕ್ಕೇ ಅವನ ಟ್ಯಾಂಕಿನಲ್ಲಿ ಯಾವತ್ತೂ ತಳದಲ್ಲಿ ಗುಟುಕಿನಷ್ಟೇ ಇರುತ್ತಿತ್ತು. "ಟ್ಯಾಂಕ್ ತುಂಬ್ಸಿಟ್ಟು ಹೋಗಕ್ಕೆ ನನಗೇನು ತಲೆ ಕೆಟ್ಟಿದ್ಯಾ?" ಅಂದ.

"ಕದಿಯಾಕ ಯಾರ್ ಬರ್ತಾರ್ರೀ ಇಲ್ಲಿ? ಕೀಲಿ ನನ್ನ ಕಿಸೇದಾಗ ಐತಿ. ಕುಡಿದ್ರ ನಾನ ಕುಡೀಬೇಕು ನಿಮ್ಮ ಪೆಟ್ರೋಲು!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಪ್ಪ ಪೈಪು ಹಾಕಿ, ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೆಲ್ಲ ಎಳೆದು ನಮ್ಮ ಕಾರಿಗೆ ಸುರಿದ. ಕಾರ್ಬೊರೇಟರಿನ ತಂಟೆಗೆ ಹೋಗಲೇ ಇಲ್ಲ. ಮೇಲೆ ಅಮ್ಮನ ಹಳೆಯ ಬೆಡ್‌ಶೀಟು ಹೊದಿಸಿ, ಸೀಟನ್ನು ಎರಡು ಸಲ ತಟ್ಟಿ, ಬಾಗಿಲು ಎಳೆದ.

ಆ ಚಳಿಗಾಲವೆಲ್ಲ ನಾನು ಮನೆಯಲ್ಲಿ ಬೈಕು ಹತ್ತುತ್ತಿದ್ದೆ. ಸೋಫಾದ ತೋಳೇ ಸೀಟು. ಕೆಳಗೆ ದಪ್ಪನೆಯ ಟೆಲಿಫೋನ್ ಡೈರೆಕ್ಟರಿಗಳು ಫುಟ್‌ರೆಸ್ಟು. ಅಪ್ಪನೇ ಟೇಪು ಹಿಡಿದು ಸರಿಯಾದ ಎತ್ತರಕ್ಕೆ ಜೋಡಿಸಿಕೊಟ್ಟಿದ್ದ. ಮೊದಮೊದಲು ಹೆಬ್ಬೆರಳು ಮಾತ್ರ ತಾಗುತ್ತಿತ್ತು. ಹಾಲು ಕುಡಿದೆ, ಸೊಪ್ಪು ತಿಂದೆ, ಬಾಗಿಲ ಚೌಕಟ್ಟಿಗೆ ಜೋತುಬಿದ್ದೆ. ಒಂದು ದಿನ ಹಿಮ್ಮಡಿಯೂ ಊರಿತು. ನಾನು ಕಿರುಚಿದ್ದಕ್ಕೆ ಪಕ್ಕದ ಯುನಿಟ್ಟಿನವರು ಗೋಡೆ ಕುಟ್ಟಿದರು.

ಅದೇ ವಾರ ಅಪ್ಪನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಟೂಂಗಾಬಿ ಬಡಾವಣೆಯಲ್ಲಿ ಎರಡನೆಯ ಮಹಡಿಯ ಮನೆ ಗೊತ್ತಾಯಿತು, ಪೆಟ್ಟಿಗೆಗಳು ತುಂಬಿದವು. ಸೋಮವಾರ ಟ್ರಕ್ ಬರುವುದಿತ್ತು. ಶನಿವಾರ ಬೆಳಿಗ್ಗೆ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು: "ನೋಡ್ರಿ, ಓಡೋ ಗಾಡಿಯಾದ್ರೆ ಫ್ರಿಜ್ಜಿನ ಪಕ್ಕ ಜಾಗ ಮಾಡ್ತೀನಿ. ಓಡದೇ ಇರೋ ಗುಜರಿಗೆ ನನ್ನ ಟ್ರಕ್ಕಲ್ಲಿ ಜಾಗ ಇಲ್ಲ. ಇವತ್ತು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅಲ್ಲೇ ಬಿಟ್ಟು ಬನ್ನಿ."

"ಒಂದು ಕಿಕ್ ಸಾಕು ಕಣೇ" ಅಂದ ಅಪ್ಪ. ನಾನು ಹೆಲ್ಮೆಟ್ಟನ್ನು ಮನೆಯಲ್ಲೇ ಹಾಕಿಕೊಂಡು ಕಾರು ಹತ್ತಿದೆ.

ಅಂಕಲ್ ಗರಾಜಿನ ಬಾಗಿಲು ಎತ್ತಿದಾಗ ಹಳಸಲು ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಬಣ್ಣದ ಡಬ್ಬ ತೆರೆದಾಗ ಬರುತ್ತದಲ್ಲ, ಅಂಥದ್ದು. ಅಪ್ಪ ಬೆಡ್‌ಶೀಟು ಎಳೆದ. ಟ್ಯಾಂಕಿಗೆ ಹೊಸ ಪೆಟ್ರೋಲು ಹಾಕಿದ. ಜೇಬಿನಿಂದ ರುಮಾಲು ತೆಗೆದು ಸೀಟು ಒರೆಸಿದ. ಆಮೇಲೆ ಒದ್ದ. ಬೈಕು ಹುಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ.

ಒದ್ದ, ಒದ್ದ, ಜಾಕೆಟ್ ಬಿಚ್ಚಿ ಒದ್ದ. ಕಿಕ್ಕರ್ ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿದಾಗ "ಅಯ್ಯಪ್ಪಾ" ಎಂದು ಕುಂಟಿದ. "ಈ ಮೆಲ್ಬರ್ನ್ ಚಳಿಗೆ ಹಿಂಗಾಗಿದೆ" ಅಂದ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು ಅಮ್ಮ. ಅಕ್ಕ ಕಾರಿನಲ್ಲೇ ಕಿವಿಗೆ ಹಾಡು ಸಿಕ್ಕಿಸಿಕೊಂಡು, "ಕ್ಯಾನ್ ವಿ ಗೋ ಹೋಮ್?" ಎಂದು ಕೇಳಿದಳು. ಅವಳಿಗೇನು, ಅವಳ ರೈಡು ಆಗಿತ್ತು!

ಕೊನೆಗೆ ಅಂಕಲ್ ಟಾರ್ಚು ತಂದು ಟ್ಯಾಂಕಿನೊಳಗೆ ಬೆಳಕು ಬಿಟ್ಟರು. ನಾನೂ ಇಣುಕಿದೆ. ಒಳಗೆಲ್ಲ ಸಾರಿನ ಪುಡಿ ಉದುರಿಸಿದ ಹಾಗೆ ಕೆಂಪು ತುಕ್ಕು. ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ತುಂಬಿಕೊಂಡು, ಚಳಿಗೆ ಬೆವರಿ, ಕಬ್ಬಿಣವನ್ನು ತಿಂದುಹಾಕಿತ್ತು.

ಟ್ಯಾಂಕನ್ನು ಬಿಚ್ಚಿದರು. ಅಂಗಳದ ಜಲ್ಲಿಕಲ್ಲುಗಳನ್ನು ಹಿಡಿಯಷ್ಟು ತೊಳೆದು ಒಣಗಿಸಿ ಒಳಗೆ ಹಾಕಿ, ಸ್ವಲ್ಪ ಪೆಟ್ರೋಲು ಸುರಿದು, ಅಪ್ಪನೂ ನಾನೂ ಎರಡು ಕಡೆ ಹಿಡಿದು ಅಲುಗಾಡಿಸಿದೆವು. ಗಳಗಳ ಗಳಗಳ. ತೋಳು ಬಿದ್ದುಹೋಗುವವರೆಗೆ ಅಲುಗಾಡಿಸಿದೆವು. ಪ್ರತಿ ಸಲ ಕೆಂಪು ನೀರಿನಂಥ ಪೆಟ್ರೋಲು ಬಕೆಟ್ಟಿಗೆ ಬಿತ್ತು. ನನ್ನ ಅಂಗೈ ಕೆಂಪಾಯಿತು, ಹೊಸ ಜೀನ್ಸು ಕೆಂಪಾಯಿತು. ಅಮ್ಮ ನನ್ನ ಜೀನ್ಸು ನೋಡಿದಳು, ಅಪ್ಪನನ್ನು ನೋಡಿದಳು, ಸೆರಗನ್ನು ಇನ್ನೊಂದು ಸಲ ಸೊಂಟಕ್ಕೆ ಬಿಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕಾರ್ಬೊರೇಟರ್ ಬಿಚ್ಚಿದರು. ತಳದ ಬಟ್ಟಲಲ್ಲಿ ಉಳಿದಿದ್ದ ಪೆಟ್ರೋಲು ಬತ್ತಿ ಬತ್ತಿ ಬೆಲ್ಲದ ಪಾಕದ ಹಾಗೆ ಅಂಟಾಗಿತ್ತು. ಜೆಟ್ಟಿನ ರಂಧ್ರ ಪೂರ್ತಿ ಕಟ್ಟಿಕೊಂಡಿತ್ತು. ಅಂಕಲ್ ತಲೆಯ ಮೇಲೆ ಕೈ ಹೊತ್ತರು. "ನಾ ಅವತ್ತ ಹೇಳಿದ್ನಿಲ್ರೀ? ತುಂಬಿರಬೇಕಾದ್ದು ಖಾಲಿ ಮಾಡಿದ್ರಿ, ಖಾಲಿ ಇರಬೇಕಾದ್ದು ತುಂಬಿಸಿ ಇಟ್ರಿ!"

ಅಪ್ಪ ತಲೆ ಎತ್ತಲಿಲ್ಲ. "ಒಂದು ಪಿನ್ ಕೊಡೇ" ಎಂದು ಅಮ್ಮನ ಮುಂದೆ ಕೈ ಚಾಚಿದ. ಅಮ್ಮನ ಬಳೆಯಲ್ಲಿ ಯಾವಾಗಲೂ ಒಂದು ಸೇಫ್ಟಿ ಪಿನ್ನು ನೇತಾಡುತ್ತಿತ್ತು. ನಮ್ಮ ಮನೆಯಲ್ಲಿ ಕಿತ್ತುಹೋದದ್ದೆಲ್ಲ ಅದರಿಂದಲೇ ಸರಿಹೋಗುತ್ತಿತ್ತು, ಚಪ್ಪಲಿಯ ಪಟ್ಟಿಯಿಂದ ಹಿಡಿದು ನನ್ನ ಸ್ಕೂಲಿನ ಲಂಗದವರೆಗೆ.

"ತಡೀರಿ, ಸಣ್ಣ ವೈರ್ ಹುಡುಕ್ತೀನಿ" ಎಂದು ಅಂಕಲ್ ಒಳಗೆ ಹೋದರು. ಅಪ್ಪನಿಗೆ ತಡೆದುಕೊಳ್ಳುವ ತಾಳ್ಮೆ ಎಲ್ಲಿತ್ತು? ಪಿನ್ನನ್ನು ರಂಧ್ರಕ್ಕೆ ಚುಚ್ಚಿ ತಿರುವಿದ. ಟಿಕ್ ಅಂತ ಸದ್ದಾಯಿತು. ಪಿನ್ನಿನ ತುದಿ ಮುರಿದು ಒಳಗೇ ಕೂತಿತು.

ಅಂಕಲ್ ವೈರು ಹಿಡಿದುಕೊಂಡು ಬಂದವರು ಅಪ್ಪನ ಮುಖ ನೋಡಿ ಅದನ್ನು ಜೇಬಿಗೆ ಹಾಕಿಕೊಂಡರು. ಅಷ್ಟು ಹಳೆಯ ಗಾಡಿಯ ಜೆಟ್ಟು ಶನಿವಾರ ಮಧ್ಯಾಹ್ನದ ಮೇಲೆ ಡ್ಯಾಂಡಿನಾಂಗಿನಲ್ಲಿ ಯಾರು ಕೊಡುತ್ತಾರೆ? ಮೀಟಿದರು, ಊದಿದರು, ಕಲ್ಲಿಗೆ ಕುಟ್ಟಿದರು. ಅದು ಬರಲೇ ಇಲ್ಲ. ಅಂಕಲ್ ಗಿರ್ಮಿಟ್ ಮಾಡಿಕೊಂಡು ಬಂದು ಮುಂದಿಟ್ಟರು. ಈರುಳ್ಳಿ, ಹಸಿಮೆಣಸು ಕಲಸಿದ ಆ ಮಂಡಕ್ಕಿ ನನಗೆ ಪ್ರಾಣ. ಅವತ್ತು ಒಂದು ಹಿಡಿಯೂ ಇಳಿಯಲಿಲ್ಲ.

"ತಳ್ಳಿ ನೋಡೋಣ" ಅಂದ ಅಪ್ಪ. ಎಲ್ಲವನ್ನೂ ಹಾಗೇ ಜೋಡಿಸಿ, ಅಂಕಲ್ ಮನೆಯ ಮುಂದಿನ ಏರು ರಸ್ತೆಯಲ್ಲಿ ಮೇಲಕ್ಕೆ ತಳ್ಳಿದ. ಮುಂದೆ ದಾರಿಯಿಲ್ಲದ ಬೀದಿ, ವಾಹನಗಳ ಓಡಾಟವಿರಲಿಲ್ಲ. ಇಳಿಜಾರಿನಲ್ಲಿ ಗೇರು ಹಾಕಿ ಬಿಟ್ಟ. ಹಿಂದಿನ ಚಕ್ರ ಕಿರ್ ಎಂದು ಎಳೆಯಿತು. ಎಂಜಿನ್ನು ಒಂದು ಸಲ ಕೆಮ್ಮಿತು. ನಾನು ಹಾರಿದೆ. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಅಂಕಲ್ ತಳ್ಳಿದರು. ಕೊನೆಗೆ ಅಕ್ಕನೂ ಕಾರಿನಿಂದ ಇಳಿದು ತಳ್ಳಿದಳು. ಆ ಒಂದು ಕೆಮ್ಮಿನ ಮೇಲೆ ಮತ್ತೆ ಏನೂ ಬರಲಿಲ್ಲ.

ಬಿಸಿಲು ಇಳಿಯಿತು. ಅಪ್ಪ ಬೀಗದಕೈ ತೆಗೆದು ಅಂಕಲ್ ಕೈಗೆ ಕೊಟ್ಟ. "ನೀವೇ ಇಟ್ಕೊಳ್ಳಿ. ನಿಮ್ಮ ಮಾತು ಕೇಳಿದ್ದಿದ್ರೆ..." ಎನ್ನುತ್ತಾ ಸೀಟನ್ನು ಎರಡು ಸಲ ತಟ್ಟಿದ.

ನಾನು ಅಳಲಿಲ್ಲ. ನನಗೆ ಪಿತ್ತ ನೆತ್ತಿಗೇರಿತ್ತು. ಹೆಲ್ಮೆಟ್ಟನ್ನು ಹುಲ್ಲಿನ ಮೇಲೆ ಎಸೆದೆ. "ನನ್ನ ಕಾಲು ಬೆಳೀತು! ನಾನು ಮಾಡ್ಬೇಕಾದ್ದು ನಾನು ಮಾಡ್ದೆ! ನೀನು ಮಾಡ್ಬೇಕಾದ್ದು ನೀನು ಯಾಕೆ ಮಾಡ್ಲಿಲ್ಲ?" ಎಂದು ಬೀದಿಯೇ ಕೇಳುವ ಹಾಗೆ ಕೂಗಿದೆ.

ಅಮ್ಮ "ಸುಮ್ನಿರೇ" ಅನ್ನಲಿಲ್ಲ. ಅಪ್ಪ ಹೆಲ್ಮೆಟ್ಟು ಎತ್ತಿಕೊಂಡು ಬಂದು ನನ್ನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದ. ಅವನ ಬೆರಳು ತುಕ್ಕು, ಪೆಟ್ರೋಲು ನಾರುತ್ತಿತ್ತು. "ಹತ್ತು" ಅಂದ.

"ಇದು ಬೈಕಲ್ಲ. ಹೋಗು."

"ಹತ್ತೇ ಪುಟ್ಟಿ. ಕಾಲು ತೋರ್ಸು ನಂಗೆ."

ಹತ್ತಿದೆ. ಎರಡೂ ಪಾದ ಫುಟ್‌ರೆಸ್ಟಿನ ಮೇಲೆ ಗಟ್ಟಿಯಾಗಿ ಊರಿದವು. ಅಮ್ಮ ಬಗ್ಗಿ, ನನ್ನ ಹಿಮ್ಮಡಿಯನ್ನು ಒತ್ತಿ ನೋಡಿ, ಸರಿ ಎಂದು ತಲೆಯಾಡಿಸಿದಳು. ಬೆಳಗಿನಿಂದ ಒದ್ದು ಒದ್ದು ಕುಂಟುತ್ತಿದ್ದ ಅಪ್ಪ ನನ್ನನ್ನೂ ಬೈಕನ್ನೂ ಸೇರಿಸಿ ಆ ಏರಿನ ತುದಿಯವರೆಗೆ ಒಬ್ಬನೇ ತಳ್ಳಿದ. ಅಂಕಲ್ ಕೈ ಹಾಕಲು ಬಂದರೆ ಬೇಡ ಅಂದ. ತುದಿಯಲ್ಲಿ ತಾನೂ ಹತ್ತಿ ಕೂತು, "ಹಿಡ್ಕೋ" ಎಂದು ಬ್ರೇಕು ಬಿಟ್ಟ.

ಬೈಕು ಸದ್ದಿಲ್ಲದೆ ಇಳಿಯಿತು. ಚೈನು ಟಿಕಟಿಕ ಅನ್ನುತ್ತಿತ್ತು. ಬೇಲಿಗಳು, ಅಂಚೆ ಡಬ್ಬಿಗಳು, ಹಳದಿ ಹೂ ಬಿಟ್ಟ ಮರ ಎಲ್ಲ ಹಿಂದಕ್ಕೆ ಸರಿದವು. ನಾನು ಅಪ್ಪನ ಸೊಂಟ ತಬ್ಬಿ ಬೆನ್ನಿಗೆ ಒರಗಿದ್ದೆ. ಅವನ ಏದುಸಿರು ನನ್ನ ಎದೆಯೊಳಗೇ ಕೇಳುತ್ತಿತ್ತು. ಕೆಳಗೆ ಅಮ್ಮ, ಅಕ್ಕ, ಅಂಕಲ್ ಸಾಲಾಗಿ ನಿಂತಿದ್ದರು. ಅಷ್ಟೇ, ಮುಗಿದುಹೋಯಿತು. ಸೋಮವಾರ ನಾವು ಸಿಡ್ನಿಗೆ ಹೊರಟೆವು.

ಈಗ ನೀವು ಅದೇ ಸಿಡ್ನಿಯ ಸ್ಕೋಫೀಲ್ಡ್ಸ್‌ನ ಈ ಮನೆಯಲ್ಲಿ ಬೆಳೆಯುತ್ತಿದ್ದೀರಿ. ನಿಮ್ಮ ಅಪ್ಪನ ಬೈಕಿಗೆ ಟ್ಯಾಂಕಿಲ್ಲ, ಕಾರ್ಬೊರೇಟರಿಲ್ಲ. ಚಳಿಗಾಲವೆಲ್ಲ ಗೋಡೆಗೆ ವೈರು ಸಿಕ್ಕಿಸಿಕೊಂಡು ಮಲಗಿ, ಎದ್ದ ದಿನ ಒಂದು ಗುಂಡಿಗೆ ಹೊರಡುತ್ತದೆ. ಫುಟ್‌ರೆಸ್ಟು ಕೂಡ ನಿಮ್ಮ ಕಾಲಿನ ಅಳತೆಗೆ ತಾನೇ ಮೇಲೆ ಬರುತ್ತದೆ. ಕಾಲು ಬೆಳೆಯುವವರೆಗೆ ನೀವು ಕಾಯಬೇಕಾಗಿಲ್ಲ. ಒಳ್ಳೆಯದೇ ಆಯಿತು ಬಿಡಿ, ನನ್ನಷ್ಟು ಸಿಟ್ಟು ನಿಮಗೆ ಬರುವುದು ಬೇಡ.

ಮೊನ್ನೆ ನಿಮ್ಮ ಅಪ್ಪ ನನ್ನನ್ನೂ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋದನಲ್ಲ, ಬಂದ ಮೇಲೆ ನೀವೆಲ್ಲ ನನ್ನ ಸುತ್ತ ಕುಣಿದಿರಿ. "ಅಜ್ಜಿ, ಇಟ್ಸ್ ಸೋ ಕ್ವಯಟ್, ಅಲ್ವಾ?" ಎಂದು ಕೇಳಿದಿರಿ. ನಾನು ಉತ್ತರ ಕೊಡದೆ ಒಳಗೆ ಹೋದೆ ಎಂದು ನಿಮಗೆ ಬೇಜಾರಾಯಿತು. ಸದ್ದಿಲ್ಲದ ಬೈಕು ನನಗೆ ಹೊಸದಲ್ಲ, ಮಕ್ಕಳೇ. ದಾರಿಯುದ್ದಕ್ಕೂ ನಾನು ನಿಮ್ಮ ಅಪ್ಪನ ಬೆನ್ನಿಗೆ ಕಿವಿಯಿಟ್ಟು ಕೂತಿದ್ದೆ. ಅವನಿಗೆ ಒಂದು ಚೂರೂ ಏದುಸಿರು ಬಂದಿರಲಿಲ್ಲ.