ಅಜ್ಜಿಯ ಬಾವಿ ಫೇಲಾದ ಮಳೆಗಾಲ

ಆಗೆಲ್ಲ ನಮ್ಮೂರಲ್ಲಿ ನೀರಿಗೂ ಮನೆಯ ಹೆಸರಿರುತ್ತಿತ್ತು. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ಅಲ್ಲಿ ‘ಪುಟ್ಟಮ್ಮನ ನೀರು’ ಎಂದರೆ ನಮ್ಮಜ್ಜಿಯ ಹಿತ್ತಲ ಬಾವಿಯ ನೀರು. ಬೀಗರು ಬಂದ ಮನೆಯವರು ಬೇಳೆ ಬೇಯಿಸಲು ಒಂದು ಬಿಂದಿಗೆ ಕೇಳಿಕೊಂಡು ಬರುತ್ತಿದ್ದರು. ಅದರಲ್ಲಿ ತೊಗರಿಬೇಳೆ ಎರಡೇ ಕುದಿಗೆ ಕರಗುತ್ತಿತ್ತು. ಪಕ್ಕದ ಮನೆಯ ಜಯಮ್ಮನ ಬೋರ್‌ವೆಲ್ ನೀರಾದರೋ ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಅಜ್ಜಿ ಆ ನೀರನ್ನು ‘ಸುಣ್ಣದ ತಿಳಿ’ ಎನ್ನುತ್ತಿದ್ದಳು, ಅದೂ ಜಯಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲವದು. ಅಜ್ಜಿಯ ಕಿರಿಮಗಳು ಸುಧತ್ತೆ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ವಾಸನೆ, ಒದ್ದೆ ಕೊಟ್ಟಿಗೆಯ ವಾಸನೆ ಎರಡೂ ಸೇರಿ ಜಗಲಿಯವರೆಗೆ ಬರುತ್ತಿದ್ದವು. ಅಲ್ಲಿ ಕೂತು ನಾನೂ ಅತ್ತೆಯೂ ಚೌಕಾಬಾರ ಆಡುತ್ತಿದ್ದೆವು. ಸೋಲುವ ಹಾಗಾದರೆ ಅತ್ತೆ ನೋವು ಬಂತೆಂದು ಹೊಟ್ಟೆ ಹಿಡಿದುಕೊಂಡು ಕಾಯಿಗಳನ್ನೆಲ್ಲ ಕಲಸಿಬಿಡುತ್ತಿದ್ದಳು.

ಆ ದಿನಗಳಲ್ಲೇ ನಮ್ಮ ವಿಜ್ಞಾನದ ಮಿಸ್ ಚನ್ನರಾಯಪಟ್ಟಣದಿಂದ ಒಂದು ರಟ್ಟಿನ ಪೆಟ್ಟಿಗೆ ತಂದು, ಬಾವಿಯಿದ್ದ ಮನೆಯ ಮಕ್ಕಳಿಗೆಲ್ಲ ಒಂದೊಂದು ಪುಟ್ಟ ಸೀಸೆ ಕೊಟ್ಟರು. ಒಳಗೆ ಔಷಧಿ ಹಚ್ಚಿದ ಕಾಗದದ ಚೂರು.

“ಗೆರೆ ತನಕ ನೀರು ತುಂಬಿ ತನ್ನಿ. ಎರಡು ದಿನ ಇಟ್ಟು ನೋಡೋಣ. ಕಪ್ಪಾದ್ರೆ ನೀರಿಗೆ ಹೊಲಸು ಸೇರಿದೆ, ಕುದಿಸದೆ ಕುಡೀಬಾರದು ಅಂತ ಅರ್ಥ. ಸೀಸೆ ಮಾತ್ರ ತೊಳೀಬೇಡಿ” ಎಂದರು.

ನಾನು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಜ್ಜಿ ಸೀಸೆಯನ್ನು ಬೂದಿಯಲ್ಲಿ ತಿಕ್ಕಿ, ಬೋರಲು ಹಾಕಿದ್ದಳು.

“ಒಳ್ಗೆ ಏನೋ ಕೊಳೆ ಅಂಟ್ಕಂಡಿತ್ತು ಕಣ್ಮಗ, ಕಡ್ಡೀಲಿ ಕೆರ್ದು ತೆಗ್ದಿವ್ನಿ. ನಮ್ ನೀರ್ ತಗಂಡೋಗೋ ಸೀಸೆ, ಚೆಂದಾಗಿರ್ಬೇಕು.”

ಮರುದಿನ ಮಿಸ್ ನಕ್ಕು ಇನ್ನೊಂದು ಕೊಟ್ಟರು. ಜಯಮ್ಮನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರಲಿಲ್ಲವಾದ್ದರಿಂದ ಅವರ ನೀರಿಗೂ ಒಂದು ಸೀಸೆ ನನಗೇ ಸಿಕ್ಕಿತು. ಈ ಸಲ ಅಜ್ಜಿಯ ಕಣ್ಣಿಗೆ ಬೀಳದಂತೆ ಎರಡನ್ನೂ ತುಂಬಿ ಶಾಲೆಗೆ ತಲುಪಿಸಿದೆ. ಎರಡು ದಿನ ಕಳೆದು ನೋಡಿದರೆ, ಜಯಮ್ಮನ ಸೀಸೆ ಇಟ್ಟ ಹಾಗೇ ಇತ್ತು. ನಮ್ಮದು ಕಾಫಿ ಡಿಕಾಕ್ಷನ್ ಆಗಿತ್ತು.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಕಾದು ಕೂತಿದ್ದಳು. ಜೊತೆಗೆ ಜಯಮ್ಮನೂ ಇದ್ದಳು.

“ಏನಂದ್ರೇ ನಿಮ್ಮಿಸ್ಸು?”

ಜಯಮ್ಮನ ಮುಖ ನೋಡಿದೆ. ಬಾಯಿಗೆ ನಿಜ ಬರಲಿಲ್ಲ. “ನಮ್ದು ಪಾಸು” ಎಂದೆ.

“ಇವ್ಳ್ದು?”

“ಅದೂ ಪಾಸು.”

ಅಜ್ಜಿಯ ಮುಖ ಸಪ್ಪಗಾಯಿತು. “ಅದೆಂಗಾಯ್ತು? ಇನ್ನೊಂದ್ಸಲ ಸರಿಯಾಗ್ ನೋಡಕ್ಕೇಳು.”

ಕಷ್ಟ ಶುರುವಾದದ್ದು ಆಮೇಲೆ. ಆಸ್ಪತ್ರೆಯ ನರ್ಸ್ ಹೇಳಿದ್ದಕ್ಕೆ ಅತ್ತೆ ಅಲ್ಲಿಯವರೆಗೆ ಕುದಿಸಿದ ನೀರನ್ನೇ ಕುಡಿಯುತ್ತಿದ್ದಳು. ಈಗ ಅಜ್ಜಿ ಆ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. “ಇಸ್ಕೂಲ್ನವ್ರೇ ಪಾಸ್ ಮಾಡವ್ರೆ, ಇನ್ಯಾಕ್ ಕುದ್ಸದು? ಕುಡಿ ಮಗ, ಕೂಸು ತಂಪಾಗಿರ್ತದೆ” ಎಂದು ಬಾವಿಯ ನೀರನ್ನು ಚೊಂಬಿನಲ್ಲಿ ತುಂಬಿ ಅತ್ತೆಯ ಮುಂದಿಟ್ಟಳು.

ಮೊದಲ ಚೊಂಬನ್ನು ಕಾಲು ತಗುಲಿತೆಂಬಂತೆ ಉರುಳಿಸಿದೆ. ಎರಡನೆಯದರಲ್ಲಿ ಇರುವೆ ಬಿದ್ದಿದೆ ಎಂದೆ. ಅಜ್ಜಿ ಬೇರೆ ತಂದಳು. ಮತ್ತೇನೂ ತೋಚದೆ ಅದನ್ನೆತ್ತಿ ನಾನೇ ಗಟಗಟ ಕುಡಿದುಬಿಟ್ಟೆ. ಅಂದೂ ಮರುದಿನವೂ ಅತ್ತೆಯ ಪಾಲಿನ ನೀರೆಲ್ಲ ನನ್ನ ಹೊಟ್ಟೆಗೇ ಹೋಯಿತು. ಈ ಹುಡುಗಿಗೆ ಇದೆಂಥ ದಾಹ ಎಂದು ಅತ್ತೆ ಬೆರಗಾದಳು.

ಮೂರನೆಯ ದಿನ ಬೆಳಿಗ್ಗೆ ನನಗೆ ಭೇದಿ ಕಿತ್ತುಕೊಂಡಿತು. ಐದನೆಯ ಸಲ ಕಕ್ಕಸಿಗೆ ಓಡಿದಾಗ ಅಜ್ಜಿ ಹೊರಗೆ ಕಾವಲು ನಿಂತು, “ಏನ್ ತಿಂದ್ಯೇ? ನಿಜ ಹೇಳು” ಎಂದಳು. ಒಳಗಿನಿಂದಲೇ ಅಳುತ್ತಾ ಹೇಳಿದೆ.

“ತಿಂದಿಲ್ಲ ಅಜ್ಜಿ. ಕುಡ್ದೆ. ನಮ್ ಬಾವಿ ಫೇಲು.”

ಬಯ್ಯುತ್ತಾಳೆಂದು ಕಾದೆ.

“ಸುಧಾ ಎಷ್ಟು ಕುಡುದ್ಲು?”

“ಅತ್ತೆ ಕುಡೀಲಿಲ್ಲ. ಎಲ್ಲ ನಾನೇ ಕುಡ್ದೆ.”

ಬಾಗಿಲು ತೆರೆದಾಗ ಅಜ್ಜಿ ಕಕ್ಕಸನ್ನೊಮ್ಮೆ, ಬಾವಿಯನ್ನೊಮ್ಮೆ ನೋಡುತ್ತಾ ನಿಂತಿದ್ದಳು. ನಡುವೆ ಇದ್ದದ್ದು ಎಂಟೇ ಹೆಜ್ಜೆ. ಹಿಂದಿನ ವರ್ಷ ಕಕ್ಕಸು ಕಟ್ಟಿಸುವಾಗ ಅಪ್ಪ ಹುಲ್ಲಿನ ಮೆದೆಯ ಆಚೆ ಗುಂಡಿ ತೋಡಿಸೋಣ ಎಂದಿದ್ದರು. ನೀರು ಹೊರುವುದು ಯಾರೆಂದು ಜಗಳ ತೆಗೆದು, ಗಾರೆಯವನನ್ನು ಬಾವಿಯ ಪಕ್ಕಕ್ಕೆ ಕರೆದು ಜಾಗ ತೋರಿಸಿದವಳು ಅಜ್ಜಿಯೇ.

ಅವಳು ನನ್ನ ತಲೆ ಸವರಿದಳು. ಆಮೇಲೆ ಒಳಗೆ ಹೋಗಿ ಬಿಂದಿಗೆ ಎತ್ತಿಕೊಂಡು ಸೀದಾ ಪಕ್ಕದ ಮನೆಯ ಬಾಗಿಲಿಗೆ ನಡೆದಳು. ನಾನು ಹೊಟ್ಟೆ ಹಿಡಿದುಕೊಂಡೇ ಹಿಂದೆ ಹೋದೆ.

“ಜಯಮ್ಮ, ಒಂದ್ ಬಿಂದ್ಗೆ ನೀರ್ ಕೊಡವ್ವ. ನಮ್ ಬಾವಿ ಕೆಟ್ಟದೆ.”

ಜಯಮ್ಮ ಬಿಂದಿಗೆ ಈಸಿಕೊಂಡು ಕೇಳಿದಳು: “ಸುಣ್ಣದ ತಿಳಿ ಆಯ್ತದಾ ಪುಟ್ಟಕ್ಕ?”

“ಆಯ್ತದೆ ಕಣವ್ವ.”

ಜಯಮ್ಮ ಬಿಂದಿಗೆ ತುಂಬಿ, ತಾನೇ ಹೊತ್ತು ತಂದು ನಮ್ಮ ಅಡಿಗೆಮನೆಯಲ್ಲಿ ಇಳಿಸಿದಳು.

ಅಪ್ಪ ಆ ಗುಂಡಿ ಮುಚ್ಚಿಸಿ ಮೆದೆಯ ಆಚೆ ಹೊಸದು ತೋಡಿಸಿದರು. ಬಾವಿಯ ನೀರೆಲ್ಲ ತೆಗೆಸಿ, ಮಿಸ್ ಹೇಳಿದ ಅಳತೆಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಒಂದು ತಿಂಗಳು ಬಿಟ್ಟು ಮತ್ತೆ ಸೀಸೆ ಬಂತು. ಅಜ್ಜಿ ಅದನ್ನು ಶಾಲೆಗೆ ಕಳಿಸಲು ಒಪ್ಪಲಿಲ್ಲ. ಎರಡು ದಿನ ಅದರ ಮುಂದೆಯೇ ಅಕ್ಕಿ ಆರಿಸಿದಳು, ಅಲಸಂದೆಕಾಯಿ ಬಿಡಿಸಿದಳು, ಊಟಕ್ಕೂ ಅಲ್ಲೇ ಕೂತಳು. ನೀರು ಕಪ್ಪಾಗಲಿಲ್ಲ. ಅಷ್ಟರಲ್ಲಿ ಸುಧತ್ತೆಗೆ ಗುಂಡುಗುಂಡಾದ ಹೆಣ್ಣುಮಗು ಹುಟ್ಟಿತ್ತು. ಅಜ್ಜಿ ಬಾಣಂತಿಯ ಕೋಣೆಗೂ ಸೀಸೆ ಹಿಡಿದುಕೊಂಡು ಹೋಗಿ ತೋರಿಸಿ ಬಂದಳು. ಆದರೂ ಅತ್ತೆಗೆ ಕುದಿಸಿದ ನೀರನ್ನೇ ಕೊಟ್ಟಳು.

ಅಜ್ಜಿ ಹೋಗಿ ಐದಾರು ವರ್ಷವಾಯಿತು. ನಾನೀಗ ಹಾಸನದಲ್ಲಿದ್ದೇನೆ. ಕುಡಿಯುವ ನೀರು ಕ್ಯಾನಿನಲ್ಲಿ ಮನೆಬಾಗಿಲಿಗೆ ಬರುತ್ತದೆ. ಯಾವ ನೆಲದ ನೀರೋ, ಯಾರು ಸೇದಿದ್ದೋ, ನಾನು ಕೇಳಿದ್ದಿಲ್ಲ. ಮೊನ್ನೆ ಮನೆಗೆ ಬಂದ ಗೆಳತಿ ಒಂದು ಗುಟುಕು ಕುಡಿದು, “ನಿಮ್ಮನೆ ನೀರು ಯಾಕೋ ಒಂಥರಾ ಇದೆ ಕಣೇ” ಎಂದಳು.

“ಹೌದಾ, ಬೇರೆ ಕ್ಯಾನ್ ತರಿಸ್ತೀನಿ ಬಿಡು” ಎಂದೆ.

ನನಗೆ ಸಿಟ್ಟೇ ಬರಲಿಲ್ಲ.